ಗೋಣಿ ಅಂಗಿ ತೊಟ್ಟ ಕುಂಡಗಳು

ನವೆಂಬರ್ ಎರಡನೇ ವಾರ ಬಂತು ಅಂದರೆ ನಮ್ಮ ಗ್ಯಾರೇಜಿನಲ್ಲಿ ಕಾರು ಸ್ವಲ್ಪ ಒತ್ತರಿಸಿಕೊಂಡು ನಿಲ್ಲಬೇಕು. ಒಂದು ಗೋಡೆಯ ಉದ್ದಕ್ಕೂ ಕುಂಡಗಳು ಬಂದು ಕೂರುತ್ತವೆ. ಹೋಸ್ಟಾ ಎರಡು, ಲ್ಯಾವೆಂಡರ್ ಎರಡು, ಪಿಯೋನಿ ಒಂದು. ಇನ್ನು ನಾಲ್ಕು ಕುಂಡ ಹಿತ್ತಲಲ್ಲಿ, ಉತ್ತರದ ಗೋಡೆಗೆ ಒತ್ತಿಕೊಂಡು ಹೊರಗೇ ಇರುತ್ತವೆ. ಒಟ್ಟು ಒಂಬತ್ತು. ಎಲ್ಲಕ್ಕೂ ಒಂದೊಂದು ಗೋಣಿ ಅಂಗಿ ಇದೆ. ಹೊಲಿದಿದ್ದು ಅಮ್ಮ.

ನಾವಿರುವುದು ಶಿಕಾಗೋದ ಪಶ್ಚಿಮಕ್ಕಿರುವ ಒಂದು ಉಪನಗರದಲ್ಲಿ. ಬಾಡಿಗೆ ಮನೆ. ಮನೆಯ ಸುತ್ತಲಿನ ನೆಲ ನಮ್ಮದಲ್ಲ, ಅಲ್ಲಿ ಗುಂಡಿ ತೋಡುವ ಹಾಗಿಲ್ಲ. ತೋಡಬಹುದು ಅಂತಿದ್ದರೂ ನಾನು ತೋಡುತ್ತಿದ್ದೆನೋ ಇಲ್ಲವೋ. ವೀಸಾದ ಮೇಲೆ ಬದುಕುವವರಿಗೆ ಮುಂದಿನ ವರ್ಷ ಯಾವ ಊರು ಅಂತ ಖಚಿತ ಇರುವುದಿಲ್ಲ. ನೆಲಕ್ಕೆ ಹಾಕಿದ ಗಿಡವನ್ನು ಬಿಟ್ಟು ಹೋಗಬೇಕಾಗುತ್ತದೆ. ಕುಂಡವಾದರೆ ಕಾರಿನ ಹಿಂದೆ ಇಟ್ಟುಕೊಂಡು ಹೊರಡಬಹುದು. ನನಗೆ ಪರಿಚಯವಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ತೋಟ ಅನ್ನುವುದು ಕುಂಡದಲ್ಲೇ ಇದೆ.

ಆದರೆ ಇಲ್ಲಿನ ಚಳಿ ಕುಂಡದ ಗಿಡಕ್ಕೆ ಬಹಳ ಕಠಿಣ. ನೆಲದಲ್ಲಿ ನಿಶ್ಚಿಂತೆಯಿಂದ ಚಳಿಗಾಲ ಕಳೆಯುವ ಗಿಡವೇ ಕುಂಡದಲ್ಲಿ ಸತ್ತು ಹೋಗುತ್ತದೆ. ಅದು ಯಾಕೆ ಅಂತ ತಿಳಿಯಲು ನನಗೆ ನಾಲ್ಕು ಚಳಿಗಾಲ ಹಿಡಿಯಿತು.

ನಮ್ಮೂರು ಮಲೆನಾಡಿನ ಸಾಗರ ಪೇಟೆಯ ಹತ್ತಿರ. ಅಲ್ಲಿ ಚಳಿ ಅಂದರೆ ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಕೈ ಕಾಯಿಸುತ್ತಾ ಕೂರುವುದು. ಗಿಡಕ್ಕೆ ಚಳಿಯಾಗುತ್ತದೆ ಅಂತ ಯಾರೂ ಯೋಚಿಸಿದ್ದಿಲ್ಲ. ನಮ್ಮಲ್ಲಿ ಗಿಡವನ್ನು ಕಾಯಬೇಕಾದ್ದು ಮಳೆಯಿಂದ. ನಾನು 2014ರ ಬೇಸಿಗೆಯಲ್ಲಿ ಇಲ್ಲಿಗೆ ಬಂದಾಗ ಕೆಂಪು ಮಣ್ಣಿನ ಮೂರು ಕುಂಡ ತಂದು, ಮೂರರಲ್ಲೂ ಲ್ಯಾವೆಂಡರ್ ಹಾಕಿ ಡೆಕ್ ಅನ್ನುವ ಮರದ ಜಗಲಿಯ ಮೇಲೆ ಇಟ್ಟಿದ್ದೆ. ಎಷ್ಟು ಚಳಿಯ ಜಾಗಕ್ಕೆ ತಡೆಯುತ್ತದೆ ಅನ್ನುವ ಗುರುತಾಗಿ ಗಿಡದ ಲೇಬಲ್‌ನಲ್ಲಿ 'ಜೋನ್ 5' ಅಂತ ಬರೆದಿತ್ತು. ನಮ್ಮ ಕಡೆಯದೂ ಜೋನ್ 5 ಅಂತ ಗೊತ್ತಿತ್ತು. ಸರಿ, ತಡೆಯುತ್ತದೆ ಅಂದುಕೊಂಡು ಅಲ್ಲೇ ಬಿಟ್ಟೆ.

ಮಾರ್ಚ್‌ನಲ್ಲಿ ಹಿಮ ಕರಗಿದಾಗ ಒಂದು ಕುಂಡ ಮೇಲಿಂದ ಕೆಳಗಿನ ತನಕ ಸೀಳಿತ್ತು. ಇನ್ನೊಂದರ ಅಂಚು ಹಪ್ಪಳದ ಹಾಗೆ ಪದರ ಪದರ ಎದ್ದು ಬರುತ್ತಿತ್ತು. ಸುಟ್ಟ ಮಣ್ಣು ನೀರು ಹೀರಿಕೊಳ್ಳುತ್ತದೆ. ಆ ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಕುಂಡ ಹೇಗೆ ತಡೆದೀತು? ಗಿಡಗಳು ನೋಡಲು ಚೆನ್ನಾಗಿಯೇ ಇದ್ದವು, ಒಣಗಿದ ಬೂದು ಬಣ್ಣದಲ್ಲಿ. ಕೈ ಹಾಕಿದರೆ ಕಡ್ಡಿ ಪಟಪಟ ಮುರಿಯಿತು. ಬುಡ ಹಿಡಿದು ಎಳೆದೆ. ಸುಮ್ನೆ ಎದ್ದು ಬಂತು. ಬೇರು ಕಪ್ಪಾಗಿ, ಬೆಂದ ಸೊಪ್ಪಿನ ಹಾಗೆ ಬೆರಳಿಗೆ ಅಂಟಿಕೊಂಡಿತು.

ಅವತ್ತು ಆ ಜೋನ್ ಅನ್ನುವುದನ್ನು ಸರಿಯಾಗಿ ಓದಿಕೊಂಡೆ. ಅಮೆರಿಕದ ಕೃಷಿ ಇಲಾಖೆ ಇಡೀ ದೇಶವನ್ನು 13 ಜೋನ್‌ಗಳಾಗಿ ಮಾಡಿ ಒಂದು ನಕ್ಷೆ ಕೊಟ್ಟಿದೆ. ವರ್ಷದ ಅತಿ ಚಳಿಯ ರಾತ್ರಿ ಎಷ್ಟು ಇಳಿಯುತ್ತದೆ ಅನ್ನುವುದರ ಸರಾಸರಿ ಅದು. ಜೋನ್ 5 ಅಂದರೆ ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್. 2023ರಲ್ಲಿ ಈ ನಕ್ಷೆಯನ್ನು ಹೊಸದಾಗಿ ಮಾಡಿದ್ದಾರೆ, 1991ರಿಂದ 2020ರ ತನಕದ ಲೆಕ್ಕ ಹಿಡಿದು. ದೇಶದ ಅರ್ಧದಷ್ಟು ಜಾಗ ಅರ್ಧ ಜೋನ್ ಬೆಚ್ಚಗಿನ ಕಡೆಗೆ ಸರಿದಿದೆ. ಆದರೆ ಲೇಬಲ್ ಮೇಲಿನ ಅಂಕಿ ಹೇಳುವುದು ನೆಲದಲ್ಲಿ ನೆಟ್ಟ ಗಿಡದ ಮಾತು. ಕುಂಡದ ಮಾತಲ್ಲ.

ಯಾಕೆ ಅಂದರೆ, ಗಿಡದ ಬೇರಿಗೆ ಕಾಂಡದಷ್ಟು ಚಳಿ ತಡೆಯುವ ಶಕ್ತಿ ಇಲ್ಲ. ನೆಲದಲ್ಲಿದ್ದಾಗ ಅದು ಬೇಕಾಗುವುದೂ ಇಲ್ಲ. ಮೇಲೆ ಗಾಳಿ ಮೈನಸ್ 20 ಇದ್ದರೂ ಹಿಮದ ಕೆಳಗೆ, ಮಣ್ಣಿನೊಳಗೆ ಒಂದಡಿ ಇಳಿದರೆ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಚಳಿ ಬರುವುದು ಮೇಲಿನಿಂದ ಮಾತ್ರ, ಕೆಳಗೆ ಭೂಮಿಯ ಬಿಸಿ ಇದೆ. ಕುಂಡಕ್ಕೆ ಸುತ್ತಲೂ ಚಳಿ. ಡೆಕ್ ಮೇಲಿಟ್ಟರೆ ಅಡಿಯಿಂದಲೂ ಗಾಳಿ. ಇನ್ನೊಂದು ಸಂಗತಿ ಇದೆ. ಕುಂಡದಿಂದ ಗಿಡವನ್ನು ಎತ್ತಿ ನೋಡಿದ್ದೀರಾ? ಬಿಳೀ ಎಳೆ ಬೇರುಗಳೆಲ್ಲ ಕುಂಡದ ಗೋಡೆಗೆ ಒತ್ತಿಕೊಂಡೇ ಸುತ್ತಿರುತ್ತವೆ. ಚಳಿ ಮೊದಲು ತಾಗುವ ಜಾಗ ಅದು. ಚಳಿಯನ್ನು ಎಲ್ಲಕ್ಕಿಂತ ಕಡಿಮೆ ತಡೆಯುವುದೂ ಆ ಎಳೆ ಬೇರುಗಳೇ.

ಅದಕ್ಕೇ ಇಲ್ಲಿನ ತೋಟಗಾರರು ಕುಂಡಕ್ಕೆ ಎರಡು ಜೋನ್ ಬಿಟ್ಟು ಲೆಕ್ಕ ಹಾಕಿ ಅನ್ನುತ್ತಾರೆ. ನಿಮ್ಮದು 5 ಆದರೆ, ಅದಕ್ಕಿಂತ ಚಳಿಯ ಜೋನ್ 3ಕ್ಕೆ ತಡೆಯುವ ಗಿಡ ತನ್ನಿ ಅಂತ. ಹೋಸ್ಟಾ, ಪಿಯೋನಿ, ಎಕಿನೇಶಿಯಾ, ಸೀಡಂ ಎಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಲ್ಯಾವೆಂಡರ್ ಬರುವುದಿಲ್ಲ.

ಎರಡನೇ ಚಳಿಗಾಲ ನಾನು ಮಾಡಿದ್ದು ಇದಕ್ಕಿಂತ ದೊಡ್ಡ ತಪ್ಪು, ಅದೂ ಪ್ರೀತಿಯಿಂದ. ಒಂದು ಹೋಸ್ಟಾ ತಂದಿದ್ದೆ. ಅಗಲ ಎಲೆ, ನಮ್ಮ ಅರಿಶಿನದ ಎಲೆಗೆ ಬಿಳಿ ಅಂಚು ಕಟ್ಟಿದ ಹಾಗೆ. ಅಕ್ಟೋಬರ್ ಕೊನೆಗೆ ಎಲೆ ಹಳದಿಯಾಗಿ ಮಲಗಿದಾಗ ಕರುಳು ಚುರುಕ್ ಅಂತು. ಅದನ್ನು ಎತ್ತಿಕೊಂಡು ಬಂದು ಮನೆಯೊಳಗೆ, ಹೀಟರಿನ ಪಕ್ಕ, ಕಿಟಕಿಯ ಹತ್ತಿರ ಇಟ್ಟೆ. ಜನವರಿ ನಡುವಿಗೆ ಚಿಗುರು ಬಂತು. ನನಗೆ ಎಷ್ಟು ಸಂತೋಷ! ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಆದರೆ ಆ ಚಿಗುರು ಬಿಳಿಚಿಕೊಂಡು, ಉದ್ದಕ್ಕೆ, ಬಳ್ಳಿಯ ಹಾಗೆ ಬಗ್ಗಿ ಬೆಳೆಯಿತು. ಎಲೆ ಬಿಡಿಸಿದರೆ ಕಾಗದದಷ್ಟು ತೆಳು. ಫೆಬ್ರವರಿಯಲ್ಲಿ ಒಂದೊಂದಾಗಿ ಬಿದ್ದು ಹೋಯಿತು. ಬೇಸಿಗೆಯಲ್ಲಿ ಹೊರಗಿಟ್ಟ ಮೇಲೂ ಅದು ಮೊದಲಿನ ಹಾಗೆ ಆಗಲೇ ಇಲ್ಲ.

ಆ ಗಿಡಕ್ಕೆ ಚಳಿ ಬೇಕಿತ್ತು. ಹೋಸ್ಟಾ, ಪಿಯೋನಿಯಂಥ ಗಿಡಗಳು ಚಳಿ ದೇಶದವು. ಹಗಲು ಕಿರಿದಾಗುತ್ತಾ ಬಂದ ಹಾಗೆ, ರಾತ್ರಿ ತಣ್ಣಗಾಗುತ್ತಾ ಬಂದ ಹಾಗೆ ಅವು ತಾವಾಗಿಯೇ ತಯಾರಾಗುತ್ತವೆ. ಎಲೆಯಲ್ಲಿರುವುದನ್ನು ಬುಡಕ್ಕೆ ಇಳಿಸಿಕೊಳ್ಳುತ್ತವೆ. ಜೀವಕೋಶದೊಳಗೆ ಸಕ್ಕರೆ ಕೂಡಿಡುತ್ತವೆ, ನೀರನ್ನು ಹೊರಕ್ಕೆ ಸರಿಸುತ್ತವೆ, ಒಳಗೆ ಮಂಜುಗಡ್ಡೆಯ ಮುಳ್ಳು ಏಳದಿರಲಿ ಅಂತ. ಆಮೇಲೆ ಮಲಗುತ್ತವೆ. ಮಲಗಿ ಇಷ್ಟು ವಾರ ಚಳಿ ಉಂಡರೇನೇ ವಸಂತದಲ್ಲಿ ಸರಿಯಾಗಿ ಏಳುತ್ತವೆ. ನಾನು ಅದರ ನಿದ್ದೆ ಕೆಡಿಸಿದ್ದೆ.

ಮೂರನೇ ವರ್ಷ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಬಿಗಿಯಾಗಿ ಕಟ್ಟಿದೆ. ಬಿಸಿಲಿನ ದಿನ ಒಳಗೆ ಬೆವರು, ರಾತ್ರಿ ಅದೇ ಹೆಪ್ಪು. ಬುಡ ಕೊಳೆಯಿತು. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ನಾಲ್ಕನೇ ವರ್ಷ ಎಲ್ಲವನ್ನೂ ಗ್ಯಾರೇಜಿಗೆ ಹಾಕಿದೆ. ಬದುಕಿದವು ಕೆಲವು, ನೀರಿಲ್ಲದೆ ಒಣಗಿ ಹೋದವು ಕೆಲವು.

ಅಮ್ಮ ಬಂದಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಆರು ತಿಂಗಳ ಲೆಕ್ಕದಲ್ಲಿ ಬಂದವಳು. ಬಂದ ವಾರದಲ್ಲೇ ಒಂಬತ್ತು ಕುಂಡವನ್ನೂ ಒಂದು ಸುತ್ತು ತಿರುಗಿಸಿ ನೋಡಿ, ಕಳೆ ತೆಗೆದು, ಮಣ್ಣು ಕೆದಕಿ ಅವುಗಳನ್ನು ತನ್ನದಾಗಿ ಮಾಡಿಕೊಂಡಳು. ಅಕ್ಟೋಬರ್ ಬಂತು. ನಾನು ಹಳೇ ಕಂಬಳಿ ಹುಡುಕುತ್ತಿದ್ದೆ. "ಇದೆಂಥಕ್ಕೆ?" ಅಂದಳು. ಕುಂಡಕ್ಕೆ ಸುತ್ತಲಿಕ್ಕೆ, ಬೆಚ್ಚಗಿರಲಿ ಅಂತ ಅಂದೆ.

"ಕಂಬಳಿ ಏನು ಬಿಸಿ ಕೊಡ್ತದೇನೇ ಮಾರಾಯ್ತಿ? ಹೊದ್ದವರ ಮೈಯಲ್ಲಿ ಬಿಸಿ ಇರ್ಬೇಕು. ಕಲ್ಲಿಗೆ ಕಂಬಳಿ ಹೊದೆಸಿದ್ರೆ ಕಲ್ಲು ಬೆಚ್ಚಗಾಗ್ತದಾ?"

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾಲ್ಕು ವರ್ಷದ ಗೊಂದಲ ಅಲ್ಲೇ ಬಿಡಿಸಿಕೊಂಡಿತು. ನಮ್ಮ ಮೈ ಬಿಸಿ ಹುಟ್ಟಿಸುತ್ತದೆ, ಕಂಬಳಿ ಅದನ್ನು ಹಿಡಿದಿಡುತ್ತದೆ. ಕುಂಡ ಬಿಸಿ ಹುಟ್ಟಿಸುವುದಿಲ್ಲ. ಅದಕ್ಕೆ ಎಷ್ಟೇ ಸುತ್ತಿದರೂ ಎರಡು ದಿನ ಬಿಡದೆ ಚಳಿ ಹೊಡೆದರೆ ಒಳಗೂ ಹೊರಗಿನಷ್ಟೇ ತಣ್ಣಗಾಗುತ್ತದೆ. ಹಾಗಾದರೆ ಹೊದಿಕೆ ಯಾಕೆ? ಏರಿಳಿತ ನಿಧಾನವಾಗಲಿ ಅಂತ. ಮಧ್ಯಾಹ್ನದ ಬಿಸಿಲಿಗೆ ಕುಂಡ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುವುದು ತಪ್ಪಲಿ ಅಂತ. ಹಾಗೆ ಕರಗಿ ಹೆಪ್ಪುಗಟ್ಟುವಾಗ ಮಣ್ಣು ಉಬ್ಬಿ ಇಳಿದು ಬೇರು ಹರಿಯುತ್ತದೆ, ಬುಡ ಮೇಲೆದ್ದು ಗಾಳಿಗೆ ಬೀಳುತ್ತದೆ. ಹ್ಯೂಕೆರಾ ಅನ್ನುವ ಗಿಡ ಇಟ್ಟವರಿಗೆ ಇದು ಚೆನ್ನಾಗಿ ಗೊತ್ತು. ಪ್ರತಿ ವಸಂತದಲ್ಲೂ ಅದರ ಬುಡ ಮಣ್ಣಿನ ಮೇಲೆ ಬಂದು ಕೂತಿರುತ್ತದೆ.

ಇನ್ನು ನಿಜವಾದ ಬಿಸಿ ಬೇಕು ಅಂದರೆ ಅದು ಇರುವುದು ನೆಲದಲ್ಲಿ. ಕುಂಡವನ್ನು ಡೆಕ್ ಮೇಲಿಂದ ಇಳಿಸಿ ಬರೀ ಮಣ್ಣಿಗೆ ತಾಗಿಸಿ ಇಟ್ಟರೆ, ಒಂದಕ್ಕೊಂದು ಒತ್ತಿ ಇಟ್ಟು ಮೇಲಿಂದ ಮುಚ್ಚಿದರೆ, ನೆಲದ ಬಿಸಿ ಅದರೊಳಗೆ ಏರುತ್ತದೆ. ಆಗ ಹೊದಿಕೆಗೆ ಹಿಡಿದಿಡಲು ಏನಾದರೂ ಸಿಗುತ್ತದೆ. ಅಮ್ಮ ಅದನ್ನೂ ಕೇಳಿ ಮಾಡಿಸಿದಳು. "ಕಟ್ಟೆ ಮೇಲೆ ಯಾಕೆ ಇಟ್ಟಿದ್ದೀಯೆ? ಕೆಳಗಿಳಿಸು" ಅಂತ.

ಅವಳಿಗೆ ಚಳಿ ಗೊತ್ತಿಲ್ಲ. ಗೊತ್ತಿರುವುದು ಮಳೆಗಾಲದ ತಯಾರಿ. ನಮ್ಮ ಕಡೆ ಮಳೆ ಹಿಡಿಯುವ ಮೊದಲು ಮನೆಯ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅಡಿಕೆ ಮರದ ಮೇಲೆ ಕೊನೆಗೆ, ಅಂದರೆ ಅಡಿಕೆಯ ಗೊನೆಗೆ, ಕೊಟ್ಟೆ ಕಟ್ಟುತ್ತಿದ್ದರು. ಕರಡದ ಹುಲ್ಲಿನಲ್ಲಿ ಹೆಣೆದ ಟೋಪಿಯಂಥದ್ದು ಅದು. ಮಳೆ ನೀರು ನೇರ ಕೊನೆಗೆ ಬೀಳದಿದ್ದರೆ ಕೊಳೆ ರೋಗ ಹತ್ತುವುದಿಲ್ಲ. ಕೊಳೆಗೆ ಬೋರ್ಡೋ ಅನ್ನುವ ಮೈಲುತುತ್ತ, ಸುಣ್ಣದ ದ್ರಾವಣ ಹೊಡೆಯುವುದು ಎಲ್ಲ ಕಡೆ ಬಂದ ಮೇಲೂ ನಮ್ಮಜ್ಜ ಕೆಲವು ಮರಕ್ಕೆ ಕೊಟ್ಟೆ ಕಟ್ಟಿಸುತ್ತಿದ್ದರಂತೆ. ಇನ್ನು ತೋಟದ ನೆಲಕ್ಕೆ ಬೆಟ್ಟದಿಂದ ಸೊಪ್ಪು, ದರಗು ಅಂದರೆ ಉದುರಿದ ಒಣ ಎಲೆ ತಂದು ದಪ್ಪಗೆ ಹಾಸುವುದಂತೂ ಮಲೆನಾಡಿನ ಅಡಿಕೆ ತೋಟದವರಿಗೆ ಹುಟ್ಟಿದಾರಭ್ಯ ಗೊತ್ತು. ಈ ಸೊಪ್ಪಿಗಾಗಿಯೇ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ ಅಂತ ಇದೆ. ಬೇರು ತಣ್ಣಗಿರಬೇಕು, ಒಣಗಬಾರದು, ಮಳೆಯ ಹೊಡೆತಕ್ಕೆ ಮಣ್ಣು ಏಳಬಾರದು. ಅಮ್ಮನ ಕೈಗೆ ಈ ಲೆಕ್ಕ ಅಭ್ಯಾಸವಾಗಿತ್ತು.

ಇಂಡಿಯನ್ ಅಂಗಡಿಯ ಬಾಸ್ಮತಿ ಅಕ್ಕಿ ಸಣಬಿನ ಚೀಲದಲ್ಲಿ ಬರುತ್ತದಲ್ಲ, ಅಂಥವು ನಮ್ಮ ಮನೆಯಲ್ಲಿ ಹತ್ತು ಹದಿನೈದು ಕೂಡಿದ್ದವು. ಅಮ್ಮ ಅವನ್ನೆಲ್ಲ ತೆಗೆಸಿದಳು. ಇಲ್ಲಿನ ತೋಟದ ಅಂಗಡಿಯಲ್ಲೂ ಇದೇ ಗೋಣಿತಾಟನ್ನು ಸುರುಳಿ ಸುತ್ತಿ ಮಾರುತ್ತಾರೆ, ಗಿಡಕ್ಕೆ ಸುತ್ತಲಿಕ್ಕೆ ಅಂತಲೇ. ಅಮ್ಮ ಅದರ ಬೆಲೆ ನೋಡಿ ಮುಟ್ಟಲಿಲ್ಲ. ಊರಿಂದ ತಂದ ಅವಳ ಚೀಲದಲ್ಲಿ ದಬ್ಬಣ ಇತ್ತು. ಪ್ರಯಾಣಕ್ಕೆ ದಬ್ಬಣ ಯಾಕೆ ತಂದೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಂಜೆ ಹೊತ್ತು, ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಹೊಲಿಯುತ್ತಿದ್ದಳು. ಚೀಲದ ಅಡಿ ಬಿಚ್ಚಿ, ಎರಡು ಚೀಲ ಜೋಡಿಸಿ ಕೊಳವೆ ಮಾಡುವುದು. ದಬ್ಬಣದ ಕಣ್ಣಿಗೆ ಸಣಬಿನ ದಾರ ಪೋಣಿಸುವ ಮೊದಲು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಎರಡು ಬೆರಳಲ್ಲಿ ಹೊಸೆಯುತ್ತಿದ್ದಳು. ಚುಚ್ಚುವಾಗ ಹೆಬ್ಬೆರಳಿಗೆ ಹಳೇ ಬಟ್ಟೆಯ ತುಂಡು. ಹೊಲಿಗೆ ದೊಡ್ಡದು, ಸಾಲು ನೇರ. ಪ್ರತಿ ನಾಲ್ಕು ಹೊಲಿಗೆಗೆ ಒಂದು ಗಂಟು, ಒಂದು ಕಡೆ ಹರಿದರೂ ಪೂರ್ತಿ ಬಿಚ್ಚಿ ಹೋಗದಿರಲಿ ಅಂತ. ನೆಲದ ಮೇಲೆಲ್ಲ ಗೋಣಿಯ ನಾರು. ಮನೆ ತುಂಬ ಮಂಡಿಯ ವಾಸನೆ, ಅಡಿಕೆ ಚೀಲದ ವಾಸನೆ. ಮೈನಸ್ ಡಿಗ್ರಿಯ ಊರಿನಲ್ಲಿ ಕೂತು ಸಾಗರ ಪೇಟೆಯ ಮಂಡಿ ನೆನಪಾಯಿತು.

ಅಂಗಿ ಕುಂಡಕ್ಕಿಂತ ನಾಲ್ಕು ಬೆರಳು ಅಗಲ ಇರಬೇಕು ಅಂತ ಅವಳ ಲೆಕ್ಕ. ಕುಂಡಕ್ಕೂ ಗೋಣಿಗೂ ನಡುವೆ ದರಗು ತುಂಬಬೇಕು. ನಮ್ಮ ಬೀದಿಯಲ್ಲಿ ಓಕ್ ಮರಗಳೂ ಇವೆ, ಮೇಪಲ್ ಮರಗಳೂ ಇವೆ. ಮೊದಲ ದಿನ ನಾನು ಮೇಪಲ್ ಎಲೆ ತುಂಬಿ ತಂದೆ. ಅವಳು ಒಂದು ಹಿಡಿ ತೆಗೆದು ನೀರಲ್ಲಿ ಅದ್ದಿ ಹಿಂಡಿದಳು. ರೊಟ್ಟಿಯ ಹಾಗೆ ಒತ್ತಾಗಿ ಕೂತಿತು. ಓಕ್ ಎಲೆ ಹಾಗಲ್ಲ. ಗಟ್ಟಿ, ಸುರುಟಿಕೊಂಡಿರುತ್ತದೆ, ಒದ್ದೆಯಾದರೂ ನಡುವೆ ಗಾಳಿ ಉಳಿಯುತ್ತದೆ. "ಇದೇ ಆಗ್ಬೇಕು. ಅದು ಬುಡ ಕೊಳೆಸ್ತದೆ" ಅಂದಳು. ಹಿಡಿದಿಡುವುದು ಎಲೆಯಲ್ಲ, ಎಲೆಗಳ ನಡುವಿನ ಗಾಳಿ. ನನಗೆ ಅದನ್ನು ತೋರಿಸಿಕೊಟ್ಟಿದ್ದು ಆ ಒಂದು ಹಿಡಿ ಎಲೆ.

ಡಿಸೆಂಬರ್‌ನಲ್ಲಿ ಅವಳನ್ನು ಶಿಕಾಗೋ ಪೇಟೆಗೆ ಕರೆದುಕೊಂಡು ಹೋದೆವು. ಮಿಲೇನಿಯಂ ಪಾರ್ಕಿನಲ್ಲಿ ಎಲ್ಲರೂ ಬೀನ್ ಅನ್ನುವ ಆ ಹೊಳೆಯುವ ಉಕ್ಕಿನ ಶಿಲ್ಪದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಸ್ವಲ್ಪ ಈಚೆಗೆ ಬಂದರೆ ಲೂರಿ ಗಾರ್ಡನ್ ಇದೆ. 2004ರಲ್ಲಿ ತೆರೆದಿದ್ದು. ಅದರೊಳಗಿನ ಬಹುವಾರ್ಷಿಕ ಗಿಡಗಳ ಜೋಡಣೆ ನೆದರ್ಲೆಂಡ್ಸ್‌ನ ಪೀಟ್ ಔಡಾಲ್ಫ್ ಅವರದು. ಬೇಸಿಗೆಯಲ್ಲಿ ನೇರಳೆ ಹೊಳೆ ಹರಿದ ಹಾಗೆ ಸಾಲ್ವಿಯಾ ಅರಳಿರುತ್ತದೆ. ನಾವು ಹೋದಾಗ ಎಲ್ಲ ಕಂದು, ಒಣ ಕಡ್ಡಿ, ಬೀಜದ ತಲೆಗಳು. "ಇದನ್ನ ಕಡಿಯೋದಿಲ್ವಾ?" ಅಂತ ಅಮ್ಮ ಕೇಳಿದಳು. ಕಡಿಯುವುದಿಲ್ಲ. ಚಳಿಗಾಲ ಕಳೆಯುವ ತನಕ ಹಾಗೇ ಬಿಡುತ್ತಾರೆ. ಎಕಿನೇಶಿಯಾದ ಬೀಜ ಹಕ್ಕಿಗಳಿಗೆ ಆಗುತ್ತದೆ, ಟೊಳ್ಳು ಕಡ್ಡಿಯೊಳಗೆ ಪುಟ್ಟ ಜೇನುಗಳು ಚಳಿಗಾಲ ಕಳೆಯುತ್ತವೆ, ಕಡ್ಡಿಗಳ ನಡುವೆ ಹಿಮ ಸಿಕ್ಕಿಕೊಂಡು ನಿಲ್ಲುತ್ತದೆ. ಆ ಹಿಮವೇ ಬುಡಕ್ಕೆ ಹೊದಿಕೆ.

ನಾವು ನಿಂತಿದ್ದು ನೆಲದ ಮೇಲಲ್ಲ, ಅನ್ನುವುದು ಅಲ್ಲಿನ ವಿಶೇಷ. 24.5 ಎಕರೆಯ ಆ ಪಾರ್ಕಿನ ಕೆಳಗೆ ಕಾರು ನಿಲ್ಲಿಸುವ ಗ್ಯಾರೇಜು, ರೈಲು ಹಳಿ ಎಲ್ಲ ಇವೆ. ಇಡೀ ತೋಟ ಒಂದು ಮಾಳಿಗೆಯ ಮೇಲೆ ಮಣ್ಣು ತುಂಬಿ ಮಾಡಿದ್ದು. ಅಂದರೆ ಅದೂ ಒಂದು ಕುಂಡವೇ, ಬಹಳ ದೊಡ್ಡ ಕುಂಡ. ಅಮ್ಮನಿಗೆ ಹೇಳಿದೆ. ಬಗ್ಗಿ ಕೈಯಲ್ಲಿ ಮಣ್ಣು ಮುಟ್ಟಿ ನೋಡಿದಳು. ಮನೆಗೆ ಬಂದ ಮೇಲೆ ನಾನು ಕತ್ತರಿಸಬೇಕು ಅಂದುಕೊಂಡಿದ್ದ ಸೀಡಂ ಕಡ್ಡಿಗಳನ್ನು ಹಾಗೇ ಬಿಡು ಅಂದಳು.

2019ರ ಜನವರಿ 30. ಆ ಬೆಳಿಗ್ಗೆ ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್. ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 30 ದಾಟಿತ್ತು. ಶಾಲೆ ಇಲ್ಲ, ಅಂಚೆ ಇಲ್ಲ. ರೈಲು ಹಳಿ ಕೂಡುವ ಕಡೆಗಳಲ್ಲಿ ಬೆಂಕಿ ಉರಿಸಿ ಹಳಿ ಕಾಯಿಸುವುದನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ಅಮ್ಮ ಮೂರು ಸಲ ಗ್ಯಾರೇಜಿಗೆ ಹೋಗಿ ಬಂದಳು. ಅಲ್ಲಿ ತೂಗು ಹಾಕಿದ್ದ ಥರ್ಮಾಮೀಟರ್ ಮೈನಸ್ 7 ತೋರಿಸುತ್ತಿತ್ತು. ಹೊರಗಿನ ನಾಲ್ಕು ಕುಂಡ ಹಿಮದಲ್ಲಿ ಹೂತಿದ್ದವು. ಎರಡು ದಿನ ಮೊದಲು ಬಿದ್ದ ಹಿಮವನ್ನು ನಾನು ದಾರಿಯಿಂದ ಎತ್ತಿ ಎತ್ತಿ ಅವುಗಳ ಮೇಲೇ ಹಾಕಿದ್ದೆ. ಹಿಮ ಅಂದರೆ ಚಳಿ ಅಂತ ನಮಗೆ ಅನ್ನಿಸುತ್ತದೆ. ಗಿಡಕ್ಕೆ ಅದರಷ್ಟು ಒಳ್ಳೆಯ ಹೊದಿಕೆ ಬೇರೆ ಇಲ್ಲ. ಅದರ ತುಂಬ ಗಾಳಿಯೇ ಇರುತ್ತದೆ.

"ಪಾಪ, ಅವು ನಾಲ್ಕನ್ನೂ ಒಳಗೆ ತಂದುಬಿಡೋಣ" ಅಂತ ಆ ರಾತ್ರಿ ನಾನು ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ. ಮಲಗಿದವರನ್ನ ಎಬ್ಬಿಸ್ಬಾರ್ದು" ಅಂದಳು.

ಭಯವಾಗಿದ್ದು ಆ ರಾತ್ರಿಗಲ್ಲ, ಅದರ ಮುಂದಿನ ವಾರಕ್ಕೆ. ನಾಲ್ಕೈದು ದಿನದಲ್ಲೇ ಹವೆ ತಿರುಗಿ ಹಿಮ ಕರಗಿ ಮೋರಿಯಲ್ಲಿ ನೀರು ಹರಿಯಿತು. ಇಂಥ ಸುಳ್ಳು ವಸಂತವೇ ಕುಂಡದ ಗಿಡಕ್ಕೆ ಜಾಸ್ತಿ ಅಪಾಯ. ದಕ್ಷಿಣದ ಗೋಡೆಗೆ ಇಟ್ಟಿದ್ದರೆ ಬಿಸಿಲಿಗೆ ಕುಂಡ ಕಾದು ಗಿಡ ಕಣ್ಣು ಬಿಡುತ್ತಿತ್ತು. ಉತ್ತರದ ಗೋಡೆಗೆ ಬಿಸಿಲು ಬೀಳದು. ಅಮ್ಮ ಹೊಲಿದ ಅಂಗಿಯೊಳಗೆ ಮಣ್ಣು ಇನ್ನೂ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ಮುಟ್ಟಿ ನೋಡಿ ಸಮಾಧಾನ ಆಯಿತು.

ಗ್ಯಾರೇಜಿನವಕ್ಕೆ ನೀರು ಕೊಡುವ ಉಪಾಯ ನಾನು ಇಲ್ಲಿನವರಿಂದ ಕಲಿತದ್ದು. ತಿಂಗಳಿಗೊಮ್ಮೆ ಒಂದು ಬೊಗಸೆ ಹಿಮ ತಂದು ಮಣ್ಣಿನ ಮೇಲೆ ಹಾಕುವುದು. ಸೊನ್ನೆಯ ಮೇಲೆ ಹೋದಾಗ ಮಾತ್ರ ಅದು ಕರಗಿ, ಮೆಲ್ಲಗೆ ಇಳಿಯುತ್ತದೆ. ಜಾಸ್ತಿಯೂ ಆಗುವುದಿಲ್ಲ, ಗಿಡಕ್ಕೆ ಆಘಾತವೂ ಇಲ್ಲ. ಮಲಗಿದ ಗಿಡಕ್ಕೆ ನೀರು ಬೇಡ ಅಂತ ಎಷ್ಟೋ ಜನ ಪೂರ್ತಿ ಬಿಟ್ಟುಬಿಡುತ್ತಾರೆ. ಬೇರು ಪೂರಾ ಒಣಗಿದರೆ ಚಳಿಗಿಂತ ಮೊದಲು ಅದೇ ಕೊಲ್ಲುತ್ತದೆ. ಅದಕ್ಕೇ ನೆಲ ಹೆಪ್ಪುಗಟ್ಟುವ ಮೊದಲು, ನವೆಂಬರ್‌ನಲ್ಲಿ, ಒಮ್ಮೆ ಚೆನ್ನಾಗಿ ನೀರು ಕುಡಿಸಿ ಬಸಿದು ಹೋಗಲು ಬಿಡಬೇಕು. ಒದ್ದೆ ಮಣ್ಣು ಒಣ ಮಣ್ಣಿಗಿಂತ ನಿಧಾನ ತಣ್ಣಗಾಗುತ್ತದೆ. ಕುಂಡದ ಅಡಿಯ ತೂತು ಮಾತ್ರ ಕಟ್ಟಿಕೊಂಡಿರಬಾರದು. ಲ್ಯಾವೆಂಡರ್‌ನಂಥ ಗಿಡ ಚಳಿಯಲ್ಲಿ ಸಾಯುವುದಕ್ಕಿಂತ ನಿಂತ ನೀರಿನಲ್ಲಿ ಸಾಯುವುದೇ ಹೆಚ್ಚು. ಆಗಸ್ಟ್ ಆದ ಮೇಲೆ ಗೊಬ್ಬರವನ್ನೂ ಕೊಡಬೇಡಿ. ಮಲಗುವ ಹೊತ್ತಿಗೆ ಹೊಸ ಚಿಗುರು ಬಂದರೆ ಅದು ಮೊದಲ ಮಂಜಿಗೇ ಕರಟಿ ಹೋಗುತ್ತದೆ.

ನಮ್ಮೂರಿನ ಗಿಡಗಳ ಮಾತು ಬೇರೆ. ಕರಿಬೇವು, ಮಲ್ಲಿಗೆ, ದಾಸವಾಳಕ್ಕೆ ಈ ನಿದ್ದೆಯ ವಿದ್ಯೆ ಗೊತ್ತಿಲ್ಲ. ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಅವು ಮನೆಯೊಳಗೆ ಬರಬೇಕು. ಕರಿಬೇವು ಒಳಗೆ ಬಂದ ಮೇಲೆ ಎಲೆ ಉದುರಿಸುತ್ತದೆ. ಸತ್ತಿತು ಅಂತ ಗಾಬರಿಯಾಗಿ ನೀರು ಸುರಿದರೆ ಆಗ ನಿಜವಾಗಿ ಸಾಯುತ್ತದೆ. ಇಲ್ಲಿ ಕರಿಬೇವಿನ ಗಿಡ ಸಿಗುವುದೇ ಕಷ್ಟ. ಕಿತ್ತಳೆ, ನಿಂಬೆಯ ಕುಟುಂಬದ್ದು ಅದು. ಆ ಬೆಳೆಗಳಿಗೆ ರೋಗ ಹರಡುವ ಒಂದು ಸಣ್ಣ ಕೀಟ ಇದರ ಮೇಲೂ ಬದುಕುತ್ತದೆ. ಹಾಗಾಗಿ ಆ ಬೆಳೆ ಇರುವ ರಾಜ್ಯಗಳಿಂದ ಗಿಡ ತರಿಸಲು ಕಟ್ಟುಪಾಡುಗಳಿವೆ. ಕನ್ನಡ ಕೂಟದಲ್ಲಿ ಯಾರದೋ ಮನೆಯ ಕರಿಬೇವಿನ ಬುಡದಲ್ಲಿ ಮರಿ ಎದ್ದಿದೆ ಅಂದರೆ ಅದಕ್ಕೆ ನಾಲ್ಕು ಜನ ಕಾದಿರುತ್ತಾರೆ. ನನಗೂ ಸಿಕ್ಕಿದ್ದು ಹಾಗೆಯೇ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಅದೊಂದು ದೊಡ್ಡ ಕಥೆ.

ಅಮ್ಮ ಫೆಬ್ರವರಿ ಕೊನೆಗೆ ಹೊರಟಳು. ಒಂದೇ ಒಂದು ಚಿಗುರನ್ನೂ ನೋಡಲಿಲ್ಲ. ಏರ್‌ಪೋರ್ಟಿಗೆ ಹೊರಡುವ ಮೊದಲು ಗ್ಯಾರೇಜಿಗೆ ಹೋಗಿ ಒಂದೊಂದು ಅಂಗಿಯ ಕಟ್ಟನ್ನೂ ಎಳೆದು ನೋಡಿದಳು. "ಅವಸರ ಮಾಡ್ಬೇಡ" ಅಂದಳು ಅಷ್ಟೇ.

ಏಪ್ರಿಲ್ ನಡುವಿನಲ್ಲಿ, ಮೋಡ ಕವಿದ ಒಂದು ದಿನ ನೋಡಿ, ಕುಂಡಗಳನ್ನು ಗ್ಯಾರೇಜಿನಿಂದ ಹೊರಗೆ ನೆರಳಿಗೆ ತಂದೆ. ಇಲ್ಲಿ ಮೇ ತಿಂಗಳ ನಡುವಿನ ತನಕವೂ ರಾತ್ರಿ ಮಂಜು ಹೆಪ್ಪುಗಟ್ಟಬಹುದು. ಹಾಗಾಗಿ ಅಂಗಿ ಬಿಚ್ಚಿ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಮೊದಲು ಎದ್ದಿದ್ದು ಸೀಡಂ, ಒಣ ಕಡ್ಡಿಯ ಬುಡದಲ್ಲಿ ಎಲೆಕೋಸಿನ ಪುಟ್ಟ ಮರಿಗಳ ಹಾಗೆ. ಆಮೇಲೆ ಪಿಯೋನಿ, ಕೆಂಪು ಮೂಗು. ಹೋಸ್ಟಾ ತಡ. ಮೇ ಮೊದಲ ವಾರದಲ್ಲಿ ಮಣ್ಣು ಸೀಳಿಕೊಂಡು ಕೊಂಬಿನ ಹಾಗೆ ಬಂತು, ಗಟ್ಟಿಯಾಗಿ, ದಪ್ಪಗೆ, ನೇರಳೆ ತುದಿ ಹೊತ್ತು. ನಾನು ಹೀಟರಿನ ಪಕ್ಕ ಎಬ್ಬಿಸಿದ ಚಿಗುರಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಒಂಬತ್ತರಲ್ಲಿ ಏಳು ಉಳಿದವು. ಒಂದು ಸೇವಂತಿಗೆ ಹೋಯಿತು. ಶರತ್ಕಾಲದಲ್ಲಿ ಹೂ ತುಂಬಿ ಮಾರುವ ಅವಕ್ಕೆ ಬೇರು ಊರಲು ಸಮಯವೇ ಸಿಕ್ಕಿರುವುದಿಲ್ಲ. ಇನ್ನೊಂದು, ಎತ್ತಲಾಗದಷ್ಟು ಭಾರದ ಕುಂಡದಲ್ಲಿದ್ದ ಲ್ಯಾವೆಂಡರ್. ಇನ್ನೊಂದು ಲ್ಯಾವೆಂಡರ್ ಕೂಡ ಸತ್ತಿತು ಅಂದುಕೊಂಡೇ ಇದ್ದೆ. ಅವಸರ ಮಾಡಬೇಡ ಅಂದಿದ್ದು ನೆನಪಾಗಿ ಎಸೆಯಲಿಲ್ಲ. ಮೇ ಕೊನೆಗೆ ಬುಡದಲ್ಲಿ ಬೂದು ಹಸಿರಿನ ಚುಕ್ಕಿ ಕಾಣಿಸಿತು.

ಈಗ ಆ ಅಂಗಿಗಳಿಗೆ ಎಷ್ಟೋ ಚಳಿಗಾಲ ಆಗಿದೆ. ಗೋಣಿ ಬಣ್ಣ ಕಳೆದುಕೊಂಡಿದೆ. ಅಕ್ಕಿಯ ಹೆಸರಿನ ಅಕ್ಷರ ಅಲ್ಲಲ್ಲಿ ಮಾತ್ರ ಉಳಿದಿದೆ. ಮೊನ್ನೆ ಪಿಯೋನಿಗೆ ತೊಡಿಸುವಾಗ ಒಂದು ಕಡೆ ಹೊಲಿಗೆ ಬಿಟ್ಟಿತು. ನಾಲ್ಕು ಹೊಲಿಗೆ ಅಷ್ಟೇ, ಗಂಟಿನ ತನಕ ಬಿಚ್ಚಿ ಅಲ್ಲೇ ನಿಂತಿತ್ತು. ದಬ್ಬಣವನ್ನು ಅಮ್ಮ ಇಲ್ಲೇ ಬಿಟ್ಟು ಹೋಗಿದ್ದಾಳೆ, ಮಸಾಲೆ ಡಬ್ಬದ ಪಕ್ಕದ ಡ್ರಾಯರ್‌ನಲ್ಲಿರುತ್ತದೆ. ಊರಿಗೆ ವಿಡಿಯೋ ಕಾಲ್ ಹಾಕಿ ಫೋನನ್ನು ಗೋಡೆಗೆ ಒರಗಿಸಿ, ಅಡುಗೆಮನೆಯ ನೆಲದ ಮೇಲೆ ಕೂತೆ. ಅಲ್ಲಿ ಬೆಳಿಗ್ಗೆ, ಅಮ್ಮನ ಹಿಂದೆ ಬಚ್ಚಲ ಒಲೆಯ ಹೊಗೆ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಹೊಸೆದೆ. "ಇನ್ನೂ ಸ್ವಲ್ಪ ಉದ್ದ ತಗೋ, ಸಾಲೋದಿಲ್ಲ" ಅಂದಳು ಅಮ್ಮ, ಪರದೆಗೆ ಮುಖ ಹತ್ತಿರ ತಂದು.